ನೇತ್ರಾಣಿಯ ನೀರಿನೊಳಗೆ ಕ್ಯಾಮೆರಾ: ಒಂದು ವಿಮರ್ಶೆ

ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಕಾಲೇಜು ವಿದ್ಯಾರ್ಥಿಗಳ ಮೊಬೈಲಿನಲ್ಲಿ ಒಂದು ಬಗೆಯ ವೀಡಿಯೊವನ್ನು ನೀವು ನೋಡಿರಬಹುದು. ಎರಡು ಮೂರು ನಿಮಿಷದ್ದು. ಹಸಿರು ಬೆರೆತ ನೀಲಿ ನೀರು, ಬೆನ್ನ ಮೇಲೆ ಸಿಲಿಂಡರ್, ಬಾಯಲ್ಲಿ ರೆಗ್ಯುಲೇಟರ್, ಸುತ್ತಲೂ ಮೀನಿನ ಹಿಂಡು, ಹಿನ್ನೆಲೆಗೆ ಒಂದು ಸಿನಿಮಾ ಹಾಡು. ಮುರುಡೇಶ್ವರದ ತೀರದಿಂದ ಸುಮಾರು 19 ಕಿ.ಮೀ. ದೂರದಲ್ಲಿರುವ ನೇತ್ರಾಣಿ ದ್ವೀಪಕ್ಕೆ ದೋಣಿಯಲ್ಲಿ ಹೋಗಿ, ಸ್ಕೂಬಾ ಉಪಕರಣ ತೊಟ್ಟು ಮುಳುಗಿ ಬಂದವರಿಗೆ ದೊರೆಯುವ ನೆನಪಿನ ಕಾಣಿಕೆ ಇದು. ಇಂತಹ ಅನೇಕ ವೀಡಿಯೊಗಳಲ್ಲಿ ಮುಳುಗಿದವರು ಕ್ಯಾಮೆರಾದತ್ತ ಹೆಬ್ಬೆರಳು ಎತ್ತಿ ನಗಲು ಯತ್ನಿಸುತ್ತಾರೆ.

ಹೆಬ್ಬೆರಳಿನಿಂದಲೇ ವಿಮರ್ಶೆಯನ್ನು ಆರಂಭಿಸೋಣ. ನೀರಿನೊಳಗೆ ಮಾತು ಸಾಧ್ಯವಿಲ್ಲವಾದ್ದರಿಂದ ಡೈವರುಗಳಿಗೆ ಕೈಸನ್ನೆಯ ಭಾಷೆಯೊಂದಿದೆ. ಅದರಲ್ಲಿ ಮೇಲೆತ್ತಿದ ಹೆಬ್ಬೆರಳಿಗೆ 'ಚೆನ್ನಾಗಿದೆ' ಎಂಬ ಅರ್ಥವಿಲ್ಲ. 'ಮೇಲಕ್ಕೆ ಹೋಗೋಣ' ಎಂದರ್ಥ. 'ಎಲ್ಲ ಸರಿ' ಎನ್ನಲು ಹೆಬ್ಬೆರಳು ಮತ್ತು ತೋರುಬೆರಳನ್ನು ಕೂಡಿಸಿ ಉಂಗುರ ಮಾಡಬೇಕು. ದೋಣಿಯಲ್ಲಿ ಇದನ್ನು ಹೇಳಿಕೊಟ್ಟಿರುತ್ತಾರೆ. ಆದರೂ ಕ್ಯಾಮೆರಾ ಎದುರಿಗೆ ಬಂದೊಡನೆ ಕಲಿತದ್ದು ಮರೆತುಹೋಗಿ ದಡದ ಅಭ್ಯಾಸ ಮರಳಿ ಬರುತ್ತದೆ. ಸನ್ನೆಯೊಂದನ್ನು ಮರೆಸುವ ಕ್ಯಾಮೆರಾ ಬೇರೇನನ್ನು ಮರೆಸಬಹುದು?

ಇದಕ್ಕೆ ಉತ್ತರವನ್ನು ಕಡಲಿಗಿಂತ ಮೊದಲು ಆಕಾಶದಲ್ಲಿ ಹುಡುಕಬೇಕು. ವಿಮಾನದಿಂದ ಪ್ಯಾರಾಶೂಟ್ ಕಟ್ಟಿಕೊಂಡು ಜಿಗಿಯುವ ಸ್ಕೈಡೈವಿಂಗ್ ಕ್ರೀಡೆಯಲ್ಲಿ ಹೆಲ್ಮೆಟ್ಟಿಗೆ ಕ್ಯಾಮೆರಾ ಕಟ್ಟಿಕೊಳ್ಳುವ ರೂಢಿ ಬಹಳ ಹಿಂದಿನದು. 1988ರ ಏಪ್ರಿಲಿನಲ್ಲಿ ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ, 800ಕ್ಕೂ ಹೆಚ್ಚು ಬಾರಿ ಜಿಗಿದಿದ್ದ ಅನುಭವಿಯೊಬ್ಬ ಇತರರ ಜಿಗಿತವನ್ನು ಚಿತ್ರೀಕರಿಸಲೆಂದು ವಿಮಾನದಿಂದ ಹಾರಿದ. ಕ್ಯಾಮೆರಾ ಇತ್ತು, ಅದರ ರೆಕಾರ್ಡರ್ ಇತ್ತು. ಪ್ಯಾರಾಶೂಟ್ ಇರಲಿಲ್ಲ. ಅದನ್ನು ಕಟ್ಟಿಕೊಳ್ಳುವುದನ್ನೇ ಆತ ಮರೆತಿದ್ದ. ಕನಿಷ್ಠ 200 ಜಿಗಿತಗಳ ಅನುಭವ ಆಗುವವರೆಗೆ ಕ್ಯಾಮೆರಾ ಧರಿಸಬೇಡಿ ಎಂದು ಆ ದೇಶದ ಪ್ಯಾರಾಶೂಟ್ ಸಂಘ ಇಂದು ಸಲಹೆ ಮಾಡುತ್ತದೆ. ಕ್ಯಾಮೆರಾ ಕೆಲವೇ ಗ್ರಾಂ ತೂಗುವಷ್ಟು ಚಿಕ್ಕದಾದ ಮೇಲೂ ಈ ಸಲಹೆ ಸಡಿಲವಾಗಿಲ್ಲ. ಏಕೆಂದರೆ ಸಮಸ್ಯೆ ಇರುವುದು ಕ್ಯಾಮೆರಾದ ತೂಕದಲ್ಲಿ ಅಲ್ಲ, ಅದು ಕಸಿದುಕೊಳ್ಳುವ ಗಮನದಲ್ಲಿ.

ನಮ್ಮ ಕರಾವಳಿಯಲ್ಲಿ ಪ್ಯಾರಾಶೂಟಿನ ಜಾಗದಲ್ಲಿ ಸಿಲಿಂಡರ್ ಇದೆ. ಇಲ್ಲಿ ಮೊದಲ ದಿನವೇ, ಮೊದಲ ಮುಳುಗಿನಲ್ಲೇ ಕೈಗೆ ಕ್ಯಾಮೆರಾ ಬೇಕೆಂದು ಕೇಳುವವರಿದ್ದಾರೆ. ಇದರ ಅಪಾಯವನ್ನು ತಿಳಿಯಲು ಪ್ರೌಢಶಾಲೆಯಲ್ಲಿ ಕಲಿತ ಬಾಯ್ಲ್ ನಿಯಮವೊಂದೇ ಸಾಕು.

ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಮೇಲ್ಮೈಯಲ್ಲಿ 1, ಹತ್ತು ಮೀಟರಿನಲ್ಲಿ 2, ಇಪ್ಪತ್ತರಲ್ಲಿ 3. ಹತ್ತು ಮೀಟರ್ ಆಳದಲ್ಲಿ ಸಿಲಿಂಡರಿನಿಂದ ಎದೆ ತುಂಬ ಉಸಿರೆಳೆದುಕೊಂಡು, ಅದನ್ನು ಬಿಡದೆ ಮೇಲಕ್ಕೆ ಬಂದರೆ ಆ ಗಾಳಿಯ ಗಾತ್ರ ಎರಡು ಪಟ್ಟಾಗಬೇಕು. ಶ್ವಾಸಕೋಶಕ್ಕೆ ಅಷ್ಟು ಹಿಗ್ಗುವ ಶಕ್ತಿ ಇಲ್ಲ. ಅದು ಹರಿದು, ಗಾಳಿಯ ಗುಳ್ಳೆ ರಕ್ತನಾಳವನ್ನು ಸೇರಿ ಮಿದುಳನ್ನು ತಲುಪಬಹುದು. 40 ಮೀಟರಿನಿಂದ 30 ಮೀಟರಿಗೆ ಏರಿದರೆ ಗಾತ್ರ ಹೆಚ್ಚುವುದು ಕಾಲು ಪಾಲು ಮಾತ್ರ. ಹೆಚ್ಚಿನ ಹಿಗ್ಗುವಿಕೆ ಕೊನೆಯ ಹತ್ತು ಮೀಟರಿನಲ್ಲೇ ಆಗುತ್ತದೆ ಎಂಬುದನ್ನು ಗಮನಿಸಿ. 'ಆಳಕ್ಕೆ ಹೋಗುವುದಿಲ್ಲವಲ್ಲ, ಭಯವೇನು?' ಎಂಬ ಮಾತು ಭೌತಶಾಸ್ತ್ರದ ಪ್ರಕಾರ ತಲೆಕೆಳಗಾದದ್ದು. ತುಂಬಿದ ಎದೆಯೊಡನೆ ಒಂದೂವರೆ ಮೀಟರ್ ಏರಿದರೂ ಗಾಯವಾಗಬಹುದು.

ಇಲ್ಲಿ ನಮ್ಮ ಊರಿನ ಒಂದು ಅನುಭವ ದಾರಿ ತಪ್ಪಿಸುತ್ತದೆ. ಕುಮಟಾದ ಅಘನಾಶಿನಿ ಅಳಿವೆಯಲ್ಲಿ ಬೆಳಚು ಹೆಕ್ಕಲು ಮುಳುಗುವವರು ಉಸಿರು ಕಟ್ಟಿಯೇ ಮುಳುಗುತ್ತಾರೆ. ಅವರಿಗೆ ಈ ಬಗೆಯ ಅಪಾಯವಿಲ್ಲ. ಅವರು ಎದೆಗೆ ತುಂಬಿಕೊಂಡದ್ದು ಮೇಲ್ಮೈಯ ಗಾಳಿ. ಅದು ಕೆಳಗೆ ಕುಗ್ಗಿ, ಮೇಲೆ ಬರುವಾಗ ಮೊದಲಿನ ಗಾತ್ರಕ್ಕೆ ಮರಳುತ್ತದೆ, ಅಷ್ಟೆ. ಸ್ಕೂಬಾದಲ್ಲಿ ಗಾಳಿ ತುಂಬುವುದು ಕೆಳಗೆ. 1943ರಲ್ಲಿ ಫ್ರಾನ್ಸಿನ ಕೂಸ್ತೊ ಮತ್ತು ಗಾನ್ಯಾನ್ ರೂಪಿಸಿದ ರೆಗ್ಯುಲೇಟರಿನ ಹಿರಿಮೆಯೇ ಅದು: ನೀವು ಎಷ್ಟು ಆಳದಲ್ಲಿದ್ದೀರೋ ಅಷ್ಟೇ ಒತ್ತಡದ ಗಾಳಿಯನ್ನು ಅದು ಕೊಡುತ್ತದೆ. ಹೊಳೆಯಲ್ಲಿ ಈಜಿ ಬೆಳೆದ ಹುಡುಗನಿಗೆ 'ಉಸಿರು ಹಿಡಿ' ಎಂಬುದು ಜಾಣತನ. ಸ್ಕೂಬಾದಲ್ಲಿ 'ಎಂದಿಗೂ ಉಸಿರು ಹಿಡಿಯಬೇಡ' ಎಂಬುದೇ ಮೊದಲ ಪಾಠ.

ಈಗ ಕ್ಯಾಮೆರಾವನ್ನು ಸೇರಿಸಿ ನೋಡಿ. ದಡದಲ್ಲಿ ಚಿತ್ರ ತೆಗೆಯುವಾಗ ಕೈ ಅಲುಗದಿರಲೆಂದು ನಾವು ಏನು ಮಾಡುತ್ತೇವೆ? ಗುಂಡಿ ಒತ್ತುವ ಕ್ಷಣದಲ್ಲಿ ಉಸಿರು ಬಿಗಿಹಿಡಿಯುತ್ತೇವೆ. ಯಾರೂ ಕಲಿಸದೆಯೇ ಬಂದ ಅಭ್ಯಾಸವಿದು. ನೀರಿನಲ್ಲಿ ಇದೇ ಅಭ್ಯಾಸ ಎದೆಯನ್ನು ಉಬ್ಬಿಸಿಡುತ್ತದೆ; ಉಬ್ಬಿದ ಎದೆ ಹೆಚ್ಚು ನೀರನ್ನು ಪಲ್ಲಟಿಸುತ್ತದೆ; ಆರ್ಕಿಮಿಡೀಸನ ತತ್ತ್ವದಂತೆ ದೇಹ ಮೇಲೇರತೊಡಗುತ್ತದೆ; ಏರಿದಂತೆ ಎದೆಯ ಗಾಳಿಯೂ ಜಾಕೆಟ್ಟಿನ ಗಾಳಿಯೂ ಹಿಗ್ಗಿ ಏರಿಕೆ ಇನ್ನಷ್ಟು ವೇಗವಾಗುತ್ತದೆ. ಕಣ್ಣು ಪರದೆಯ ಮೇಲಿರುವವನಿಗೆ ತಾನು ಏರುತ್ತಿರುವುದು ತಿಳಿಯುವುದಿಲ್ಲ. ಹೊಸಬರಿಗೆ ಕ್ಯಾಮೆರಾ ಬೇಡ ಎನ್ನಲು ನನ್ನ ಮುಖ್ಯ ಕಾರಣ ಇದೇ.

ಗಾಳಿಯ ಲೆಕ್ಕವನ್ನೂ ತರಗತಿಯಲ್ಲಿ ಮಾಡಿಸಬಹುದು. 11 ಲೀಟರ್ ಗಾತ್ರದ ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿರುವ ಗಾಳಿ ಹೊರಗೆ ಸುಮಾರು 2,200 ಲೀಟರ್. ಕೊನೆಯ 50 ಬಾರನ್ನು ಆಪತ್ತಿಗೆಂದು ಉಳಿಸಿದರೆ ಬಳಸಲು ಸಿಗುವುದು 1,650 ಲೀಟರ್. ನೆಮ್ಮದಿಯಿಂದಿರುವವರು ನಿಮಿಷಕ್ಕೆ 20 ಲೀಟರ್ ಉಸಿರಾಡುತ್ತಾರೆಂದು ಇಟ್ಟುಕೊಳ್ಳೋಣ. ಹತ್ತು ಮೀಟರಿನಲ್ಲಿ ಒತ್ತಡ ಇಮ್ಮಡಿಯಾದ್ದರಿಂದ ಇದು 40 ಲೀಟರಿಗೆ ಸಮ. ಗಾಳಿ 41 ನಿಮಿಷ ಬರುತ್ತದೆ. ಗಾಬರಿಯಿಂದಲೋ ಮೀನಿನ ಬೆನ್ನಟ್ಟಿಯೋ ಉಸಿರಾಟ 35 ಲೀಟರಿಗೇರಿದರೆ ಅದೇ ಗಾಳಿ ಸುಮಾರು 24 ನಿಮಿಷಕ್ಕೆ ಮುಗಿಯುತ್ತದೆ.

ಉಪಕರಣ ಆರಿಸುವಾಗ ಮಾಸ್ಕಿನ ವಿಷಯದಲ್ಲಿ ಜಿಪುಣತನ ಬೇಡ. ಈಜುಕೊಳದ ಕನ್ನಡಕ ಇಲ್ಲಿ ನಡೆಯದು. ಅದರಲ್ಲಿ ಮೂಗು ಹೊರಗಿರುತ್ತದೆ. ಆಳಕ್ಕೆ ಹೋದಂತೆ ಕುಗ್ಗುವ ಒಳಗಿನ ಗಾಳಿಗೆ ಮೂಗಿನಿಂದ ಗಾಳಿ ಸೇರಿಸಲಾಗದೆ ಕನ್ನಡಕ ಕಣ್ಣನ್ನೇ ಹೀರತೊಡಗುತ್ತದೆ. ಮಾಸ್ಕನ್ನು ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಸ್ವಲ್ಪ ಉಸಿರೆಳೆಯಿರಿ. ಕೈಬಿಟ್ಟರೂ ಬೀಳದಿದ್ದರೆ ಅದು ನಿಮ್ಮ ಮುಖಕ್ಕೆ ಹೊಂದುತ್ತದೆ. ಮೀಸೆ ದಟ್ಟವಾಗಿದ್ದರೆ ನೀರು ಸೋರುವುದು ನಿಶ್ಚಿತ. ಉಳಿದವುಗಳಲ್ಲಿ ಎರಡನ್ನು ನೀವೇ ನೋಡಿಕೊಳ್ಳಿ: ಒತ್ತಡಮಾಪಕದ ಮುಳ್ಳು, ಮತ್ತು ಜೊತೆಗಾರರಿಗೆ ಕೊಡಲೆಂದು ಇರುವ ಎರಡನೆಯ ರೆಗ್ಯುಲೇಟರ್. ನೆಗಡಿ ಇದ್ದರೆ ಅಂದು ಮುಳುಗಬೇಡಿ, ಕಿವಿಯ ಒತ್ತಡ ಸರಿಹೋಗುವುದಿಲ್ಲ. ಅಸ್ತಮಾ ಇದ್ದವರು ವೈದ್ಯರನ್ನು ಕೇಳದೆ ಹೊರಡಲೇಬಾರದು.

ಹಣ ಕೊಡುವ ಮುನ್ನ ಕೇಳಲೇಬೇಕಾದ ಪ್ರಶ್ನೆಯೊಂದಿದೆ: ನೀರಿನಲ್ಲಿ ನನ್ನನ್ನು ನೋಡಿಕೊಳ್ಳುವವರು ಯಾರು, ಕ್ಯಾಮೆರಾ ಹಿಡಿಯುವವರು ಯಾರು? ಇಬ್ಬರೂ ಒಬ್ಬರೇ ಎಂದರೆ ವೀಡಿಯೊ ಬೇಡವೆನ್ನಿ. 2022ರ ಅಕ್ಟೋಬರಿನಲ್ಲಿ ತೆರೆಕಂಡ 'ಗಂಧದ ಗುಡಿ'ಯಲ್ಲಿ ಪುನೀತ್ ರಾಜ್‌ಕುಮಾರ್ ನೇತ್ರಾಣಿಯ ನೀರಿಗಿಳಿದದ್ದನ್ನು ನೋಡಿ ಆಸೆಪಟ್ಟವರು ಬಹಳ. ಆಸೆ ತಪ್ಪಲ್ಲ, ನಾಡಿನ ಕಾಡು ಕಡಲುಗಳ ಮೇಲೆ ಪ್ರೀತಿ ಹುಟ್ಟಿಸುವುದೇ ಆ ಚಿತ್ರದ ಉದ್ದೇಶ. ಆದರೆ ಅಲ್ಲಿ ಮುಳುಗಿದವರು ಬೇರೆ, ಚಿತ್ರೀಕರಿಸಿದವರು ಬೇರೆ ಎಂಬುದನ್ನು ನೆನಪಿಡಿ. ಪ್ರವಾಸಕ್ಕೆ ಮಕ್ಕಳನ್ನು ಕರೆತರುವ ಶಿಕ್ಷಕರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. 2024ರ ಡಿಸೆಂಬರಿನಲ್ಲಿ ಇದೇ ಮುರುಡೇಶ್ವರದ ತೀರದಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು.

ಪ್ರವಾಸದ ವೇಳಾಪಟ್ಟಿಯ ಬಗ್ಗೆಯೂ ಒಂದು ಮಾತು. ಮುಳುಗಿದಾಗ ದೇಹದಲ್ಲಿ ಹೆಚ್ಚುವರಿ ನೈಟ್ರೋಜನ್ ಕರಗಿರುತ್ತದೆ. ಒಮ್ಮೆ ಮುಳುಗಿದ ಮೇಲೆ ಕನಿಷ್ಠ 12 ಗಂಟೆ ವಿಮಾನ ಹತ್ತಬಾರದೆಂಬುದು ಅದಕ್ಕೇ. ಬೆಳಿಗ್ಗೆ ನೇತ್ರಾಣಿ, ಸಂಜೆ 1,343 ಮೀಟರ್ ಎತ್ತರದ ಕೊಡಚಾದ್ರಿ ಎಂಬ ಯೋಜನೆಗೂ ಇದೇ ಎಚ್ಚರ ಅನ್ವಯಿಸುತ್ತದೆ.

ಹಲವು ಬಾರಿ ಮುಳುಗಿ, ಕೈ ಬಳಸದೆ ನೀರಿನಲ್ಲಿ ಒಂದೆಡೆ ನಿಶ್ಚಲವಾಗಿ ನಿಲ್ಲಲು ಕಲಿತವರು ಕ್ಯಾಮೆರಾ ಒಯ್ಯಲಿ. ಯಾವುದನ್ನು? 'ನೀರು ನಿರೋಧಕ' ಮೊಬೈಲನ್ನಂತೂ ಅಲ್ಲ. ಆ ಪರೀಕ್ಷೆಗಳನ್ನು ನಡೆಸುವುದು ಅಲುಗದ ಸಿಹಿನೀರಿನಲ್ಲಿ, ಕೆಲವೇ ಮೀಟರ್ ಆಳದಲ್ಲಿ. ಸಣ್ಣ ಆಕ್ಷನ್ ಕ್ಯಾಮೆರಾಗಳು ಹತ್ತು ಮೀಟರ್ ತಾಳಬಹುದು. ಆದರೆ ಹೌಸಿಂಗ್ ಎಂಬ ಗಟ್ಟಿ ಪೆಟ್ಟಿಗೆಯೊಳಗಿಟ್ಟು ಒಯ್ಯುವುದೇ ಕ್ಷೇಮ. ಆ ಪೆಟ್ಟಿಗೆಯ ಜೀವ ಓ-ರಿಂಗ್ ಎಂಬ ರಬ್ಬರ್ ಬಳೆಯಲ್ಲಿದೆ. ಅದರ ಮೇಲೆ ಒಂದು ತಲೆಗೂದಲು, ಒಂದು ಮರಳ ಕಣ ಕುಳಿತರೂ ನೀರು ಒಳಗೆ. ಮೊದಲ ಸಲ ಕ್ಯಾಮೆರಾ ಇಡದೆ ಖಾಲಿ ಪೆಟ್ಟಿಗೆಯನ್ನೇ ಮುಳುಗಿಸಿ ನೋಡಿ. ನಮ್ಮ ಕರಾವಳಿಯ ತೇವದ ಗಾಳಿಯನ್ನು ಒಳಗೆ ಸೇರಿಸಿ ದೋಣಿಯಲ್ಲಿ ಮುಚ್ಚಿದರೆ, ತಂಪು ನೀರಿನಲ್ಲಿ ಗಾಜಿನ ಒಳಬದಿಗೆ ಮಂಜು ಕಟ್ಟುತ್ತದೆ. ಒಣ ಕೋಣೆಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದೊಡನೆ ಮುಚ್ಚಿ ತನ್ನಿ. ಪೆಟ್ಟಿಗೆಯನ್ನು ಜಾಕೆಟ್ಟಿಗೆ ದಾರದಿಂದ ಕಟ್ಟಿ, ಎರಡೂ ಕೈ ಖಾಲಿಯಿರಲಿ. ಸೆಲ್ಫಿ ಕೋಲು ಬೇಡ. ಅದರ ತುದಿ ಹವಳಕ್ಕೆ ತಾಗುತ್ತದೆ.

ಇನ್ನು ಚಿತ್ರದ ಸಾಚಾತನದ ಮಾತು. ಶುದ್ಧ ನೀರಿನಲ್ಲಿ 10 ಮೀಟರ್ ಸಾಗಿದ ಮೇಲೆ 450 ನ್ಯಾನೊಮೀಟರ್ ಅಲೆಯುದ್ದದ ನೀಲಿ ಬೆಳಕು ಶೇ. 91ರಷ್ಟು ಉಳಿದಿರುತ್ತದೆ. 650 ನ್ಯಾನೊಮೀಟರಿನ ಕೆಂಪು ಉಳಿಯುವುದು ಶೇ. 3 ಮಾತ್ರ. ನದಿಗಳ ಮಣ್ಣು ಮತ್ತು ಪ್ಲವಕಗಳು ಬೆರೆತ ಕರಾವಳಿ ನೀರಿನಲ್ಲಿ ನೀಲಿಯೂ ಕಡಿಮೆಯಾಗಿ ಹಸಿರು ಮುಂದೆ ಬರುತ್ತದೆ. ಹಾಗಾದರೆ ವೀಡಿಯೊದಲ್ಲಿ ಕಾಣುವ ಬಣ್ಣಬಣ್ಣದ ಹವಳ ಎಲ್ಲಿಂದ ಬಂತು? ಕ್ಯಾಮೆರಾ ಅಥವಾ ಕಂಪ್ಯೂಟರ್ ಆ ಶೇ. 3ನ್ನು ಹಿಗ್ಗಿಸಿರುತ್ತದೆ, ಅದರೊಡನೆ ಕಾಳುಕಾಳಾದ ಕಲೆಗಳೂ ಹಿಗ್ಗುತ್ತವೆ. ಕೆಂಪು ಫಿಲ್ಟರ್ ಕೂಡ ಕೆಂಪನ್ನು ಕೊಡುವುದಿಲ್ಲ, ನೀಲಿ ಹಸಿರುಗಳನ್ನು ಕಡಿಮೆ ಮಾಡುತ್ತದೆ, ಅಷ್ಟೆ. ಟಾರ್ಚನ್ನು ಒಂದು ಮೀಟರ್ ದೂರದಿಂದ ಹಿಡಿದರೆ ಬೆಳಕು ಹೋಗಿ ಬರುವ ಎರಡು ಮೀಟರಿನಲ್ಲಿ ಅದರ ಕೆಂಪು ಅರ್ಧದಷ್ಟು ಉಳಿಯುತ್ತದೆ. ಹತ್ತಿರ ಹೋಗಿ ಬೆಳಕು ಕೊಡುವುದೇ ಸರಿಯಾದ ದಾರಿ. ಗಾತ್ರವೂ ಹಾಗೆಯೇ. ಚಪ್ಪಟೆ ಗಾಜಿನ ಹಿಂದಿನ ಕಣ್ಣಿಗೆ ಎರಡು ಮೀಟರ್ ದೂರದ ಮೀನು ವಕ್ರೀಭವನದಿಂದಾಗಿ ಒಂದೂವರೆ ಮೀಟರಿನಲ್ಲಿದ್ದಂತೆ, ದೊಡ್ಡದಾಗಿ ಕಾಣುತ್ತದೆ. ಗಾಳಿಯಲ್ಲಿ 90 ಡಿಗ್ರಿ ನೋಡುವ ಕ್ಯಾಮೆರಾ ನೀರಿನಲ್ಲಿ ನೋಡುವುದು ಸುಮಾರು 64 ಡಿಗ್ರಿ. ಸ್ನೆಲ್ ನಿಯಮದಿಂದ ವಿದ್ಯಾರ್ಥಿಗಳು ತಾಳೆ ನೋಡಬಹುದು.

ಇದೆಲ್ಲ ಬರಿಯ ಸೊಗಸಿನ ಪ್ರಶ್ನೆಯಾಗಿದ್ದರೆ ಬಿಟ್ಟುಬಿಡಬಹುದಿತ್ತು. ಜಗತ್ತಿನ ಹವಳಗಳು ನಾಲ್ಕನೆಯ ಜಾಗತಿಕ ಬಿಳಿಚುವಿಕೆಗೆ ಸಿಲುಕಿವೆಯೆಂದು 2024ರ ಏಪ್ರಿಲಿನಲ್ಲಿ ವಿಜ್ಞಾನಿಗಳು ಘೋಷಿಸಿದರು. ನೀರು ಬಿಸಿಯಾದಾಗ ಹವಳವು ತನ್ನೊಳಗಿನ ಪಾಚಿಯನ್ನು ಹೊರದೂಡುತ್ತದೆ. ಅದರ ಬಿಳಿಯ ಸುಣ್ಣದ ಅಸ್ಥಿ ಹೊರಗೆ ಕಾಣುತ್ತದೆ. ನೇತ್ರಾಣಿಯ ಬಂಡೆಗಳ ಮೇಲೂ ಹವಳವಿದೆ. ಅದು ಬಿಳಿಚಿದೆಯೇ ಎಂದು ಮುಂದೆ ಯಾರಾದರೂ ಕೇಳಿದರೆ ಈ ಸಾವಿರಾರು ವೀಡಿಯೊಗಳು ಸಾಕ್ಷಿ ಹೇಳಬಲ್ಲವೇ? ಹೇಳಲಾರವು. ಟಾರ್ಚಿನ ಬೆಳಕು ಹೆಚ್ಚಾದರೆ ತಿಳಿಕಂದು ಹವಳ ಬಿಳಿಯಾಗಿ ಕಾಣುತ್ತದೆ. ಹಸಿರು ನೀರಿನಲ್ಲಿ ಬಿಳಿಚಿದ ಹವಳ ಆರೋಗ್ಯವಾಗಿರುವಂತೆ ಕಾಣುತ್ತದೆ. ಆಳವೆಷ್ಟೆಂದು ಬರೆದಿಲ್ಲ, ಅಳತೆಗೋಲಿಲ್ಲ, ಬಣ್ಣ ಹೋಲಿಸಲು ಏನೂ ಇಲ್ಲ.

ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ 'ಕೋರಲ್‌ವಾಚ್' ಯೋಜನೆಯವರು ಇದಕ್ಕೆ ಸರಳ ಉಪಾಯ ಹುಡುಕಿದ್ದಾರೆ. ತಿಳಿಯಿಂದ ಗಾಢದವರೆಗೆ 1ರಿಂದ 6ರ ವರೆಗಿನ ಬಣ್ಣದ ಮೆಟ್ಟಿಲುಗಳನ್ನು ಮುದ್ರಿಸಿದ ಫಲಕವೊಂದನ್ನು ಹವಳದ ಪಕ್ಕ, ಮುಟ್ಟದೆ, ಹಿಡಿದು ಹೋಲಿಸುವುದು. ಫಲಕಕ್ಕೂ ಹವಳಕ್ಕೂ ಬೀಳುವ ಬೆಳಕು ಒಂದೇ ಆದ್ದರಿಂದ ನೀರಿನ ಬಣ್ಣ ಅಡ್ಡಿಯಾಗದು. ತರಬೇತಿ ಪಡೆದ ಡೈವರ್ ಒಬ್ಬರು ನಿಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಯಾಗಿದ್ದರೆ ಅವರಿಗೆ ಇಂತಹ ಫಲಕವನ್ನೂ ಒಂದು ಸಣ್ಣ ಅಳತೆಪಟ್ಟಿಯನ್ನೂ ಕೊಟ್ಟು ಕಳಿಸಿ. ದಿನಾಂಕ, ಆಳ, ಬಂಡೆಯ ಗುರುತು ಬರೆದುಕೊಂಡು ಪ್ರತಿ ವರ್ಷ ಅದೇ ಹವಳದ ಒಂದೊಂದು ಚಿತ್ರ ಸಾಕು. ಮಳೆಗಾಲದಲ್ಲಿ ನೇತ್ರಾಣಿಗೆ ಮುಳುಗುವವರ ದೋಣಿಗಳು ಹೋಗುವುದಿಲ್ಲ. ಮತ್ತೆ ಹೊರಡುವುದು ಸಾಮಾನ್ಯವಾಗಿ ಅಕ್ಟೋಬರಿನ ಹೊತ್ತಿಗೆ. ಅಷ್ಟರೊಳಗೆ ತರಗತಿಯ ಬಕೆಟ್ಟಿನ ನೀರಿನಲ್ಲೇ ಫಲಕ ಹಿಡಿಯುವ ಅಭ್ಯಾಸ ಮಾಡಬಹುದು.