ನಿಖರ ವೈದ್ಯ ಮತ್ತು ಹಂದಿಗೋಡಿನ ಪಾಠ

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ನವುಲೆಯ ಕಡೆಗೆ ಸಾಗಿದರೆ ಎರಡು ವಿದ್ಯಾಸಂಸ್ಥೆಗಳು ಸಿಗುತ್ತವೆ. ಒಂದು ಕೃಷಿ ಕಾಲೇಜು. ಅಲ್ಲಿ ಬೀಜ, ತಳಿ, ವಂಶವಾಹಿಗಳ ಪಾಠ. ಇನ್ನೊಂದು ಜವಾಹರಲಾಲ್ ನೆಹರು ಹೆಸರಿನ ಇಂಜಿನಿಯರಿಂಗ್ ಕಾಲೇಜು. ಅಲ್ಲಿ ಕಂಪ್ಯೂಟರಿನ ಪಾಠ. ಈ ಎರಡು ವಿದ್ಯೆಗಳು ವೈದ್ಯಶಾಸ್ತ್ರವನ್ನು ಕೂಡಿದಾಗ ಹುಟ್ಟುವುದೇ ಇಂದು ಎಲ್ಲೆಡೆ ಕೇಳಿಬರುತ್ತಿರುವ ‘ನಿಖರ ವೈದ್ಯ’. ರೋಗಕ್ಕೊಂದು ಮದ್ದಲ್ಲ, ರೋಗಿಗೆ ತಕ್ಕ ಮದ್ದು ಎಂಬುದು ಅದರ ಘೋಷಣೆ. ವಂಶವಾಹಿಗಳನ್ನು ಓದುವುದು ಜೀನೋಮಿಕ್ಸ್. ದೇಹ ತಯಾರಿಸುವ ಪ್ರೋಟೀನುಗಳನ್ನು ಅಳೆಯುವುದು ಪ್ರೋಟಿಯೋಮಿಕ್ಸ್. ಜೀವಕೋಶಗಳ ದುಡಿಮೆಯಿಂದ ಹುಟ್ಟುವ ಸಣ್ಣ ರಾಸಾಯನಿಕಗಳನ್ನು ಲೆಕ್ಕಹಾಕುವುದು ಮೆಟಬೊಲೋಮಿಕ್ಸ್. ಇವನ್ನೆಲ್ಲ ಒಟ್ಟಿಗಿಟ್ಟು ನೋಡುವ ವಿಧಾನಕ್ಕೆ ಮಲ್ಟಿ-ಓಮಿಕ್ಸ್ ಎಂದು ಹೆಸರು.

ಈ ವಿದ್ಯೆಯನ್ನು ನಾವು ಅನುಮಾನದಿಂದ ನೋಡಬೇಕಿಲ್ಲ. ಒಂದು ಬಗೆಯ ರಕ್ತದ ಕ್ಯಾನ್ಸರಿಗೆ 2001ರಲ್ಲಿ ಬಂದ ಇಮ್ಯಾಟಿನಿಬ್ ಮಾತ್ರೆ, ಆ ರೋಗಕ್ಕೆ ಕಾರಣವಾದ ಒಂದೇ ಒಂದು ಪ್ರೋಟೀನನ್ನು ಹುಡುಕಿ ತಡೆಯಿತು. ಸಾವಿಗೆ ದಿನ ಎಣಿಸುತ್ತಿದ್ದವರು ವರ್ಷಗಟ್ಟಲೆ ಬದುಕಿದರು. ಆದರೆ ಪೇಟೆಂಟ್ ಕೇಳಿದ ಕಂಪನಿಯ ಮಾತ್ರೆಗೆ ನಮ್ಮ ದೇಶದಲ್ಲಿ ತಿಂಗಳಿಗೆ ಲಕ್ಷ ರೂಪಾಯಿ ಮೀರುತ್ತಿತ್ತು. ಅದೇ ಮದ್ದು ಭಾರತೀಯ ಕಂಪನಿಗಳಲ್ಲಿ ಹತ್ತು ಸಾವಿರದ ಆಸುಪಾಸಿನಲ್ಲಿತ್ತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಆ ಪೇಟೆಂಟನ್ನು ನಿರಾಕರಿಸಿದ್ದರಿಂದ ಅಗ್ಗದ ಮದ್ದು ಉಳಿಯಿತು. ಮದ್ದನ್ನು ಕಂಡುಹಿಡಿದದ್ದು ವಿಜ್ಞಾನ, ಅದನ್ನು ಬಡವರ ಕೈಗೆಟುಕುವಂತೆ ಉಳಿಸಿದ್ದು ಕಾನೂನು. ಈ ಎರಡನೆಯ ಭಾಗವನ್ನು ನಿಖರ ವೈದ್ಯದ ಗುಣಗಾನ ಮಾಡುವ ಬರಹಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ನಮ್ಮ ತಕರಾರು ಇರುವುದೇ ಅಲ್ಲಿ.

ಒಬ್ಬೊಬ್ಬರ ದೇಹ ಒಂದೊಂದು ರೀತಿ ಎಂಬುದು ನಮಗೆ ಹೊಸ ಮಾತೇನಲ್ಲ. ಉರ್ದುವಿನಲ್ಲಿ ನಾವು ಎದುರಾದವರ ‘ಮಿಜಾಜ್’ ವಿಚಾರಿಸುತ್ತೇವೆ. ಅದು ಯುನಾನಿ ವೈದ್ಯದ ಶಬ್ದವೂ ಹೌದು. ದಮ್, ಬಲ್ಗಮ್, ಸಫ್ರಾ, ಸೌದಾ ಎಂಬ ನಾಲ್ಕು ರಸಗಳ ಆ ವಿವರಣೆ ಇಂದಿನ ಪ್ರಯೋಗಾಲಯದ ಮುಂದೆ ನಿಲ್ಲುವುದಿಲ್ಲ, ನಿಜ. ಆದರೆ ಮಿಜಾಜ್ ತಿಳಿಯಲು ಹಕೀಮರು ರೋಗಿಯ ಊಟ, ನಿದ್ದೆ, ಕಸುಬುಗಳನ್ನು ಕೇಳಲೇಬೇಕಿತ್ತು. ಇಂದು ರಕ್ತದ ಮಾದರಿ ಸಿಕ್ಕರೆ ಸಾಕು, ರೋಗಿಯನ್ನು ಮಾತನಾಡಿಸುವ ಅಗತ್ಯವೇ ಇಲ್ಲವೆಂಬ ಭ್ರಮೆ ಬೆಳೆಯುತ್ತಿದೆ.

ಈ ಭ್ರಮೆಯ ಅಪಾಯ ತಿಳಿಯಲು ದೂರ ಹೋಗಬೇಕಿಲ್ಲ. ನಮ್ಮದೇ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ ಹಂದಿಗೋಡು ಇದೆ. 1975ರ ಸುಮಾರಿಗೆ ಅಲ್ಲಿ ಬೆಳಕಿಗೆ ಬಂದ ಕಾಯಿಲೆ ಸೊಂಟ, ಮೊಣಕಾಲಿನ ಕೀಲುಗಳನ್ನು ಸವೆಸುತ್ತದೆ. ಕೆಲವರನ್ನು ಕುಳ್ಳಾಗಿಸುತ್ತದೆ, ನಡೆಯದಂತೆ ಮಾಡುತ್ತದೆ. ನರಳಿದವರು ಚನಂಗಿ ಮತ್ತು ಚಲವಾದಿ ಸಮುದಾಯಗಳ ದಲಿತರು, ಗದ್ದೆಯಲ್ಲಿ ದುಡಿಯುವವರು. ಕೀಟನಾಶಕ ಬಿದ್ದ ಗದ್ದೆಯ ಏಡಿ ತಿಂದದ್ದೇ ಕಾರಣವೆಂಬ ಸಂಶಯ ಮೊದಲು ಹುಟ್ಟಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಬಂದರು, ಅನಂತರ ಇತರರೂ ಬಂದರು. ಎಕ್ಸ್‌ರೇ ತೆಗೆದರು, ವಂಶಾವಳಿ ಬರೆದರು. 1990ರ ದಶಕದ ಅಧ್ಯಯನಗಳು ಇದು ಪ್ರಬಲ ವಂಶವಾಹಿಯಿಂದ ಬರುವ ಕಾಯಿಲೆ ಎಂದವು. ತಂದೆ ಅಥವಾ ತಾಯಿ, ಒಬ್ಬರಿಗಿದ್ದರೂ ಸಾಕು; ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ.

ಇಷ್ಟು ನಿಖರ. ಆದರೆ ಈ ವಂಶವಾಹಿ ಎರಡೇ ಸಮುದಾಯಗಳಲ್ಲಿ ಏಕೆ ಉಳಿಯಿತು? ಅದಕ್ಕೆ ಉತ್ತರ ರಕ್ತದಲ್ಲಿಲ್ಲ. ಹೊರಗಿನವರೊಡನೆ ಮದುವೆಗೆ ಅವಕಾಶ ಕೊಡದ ಜಾತಿಯ ಬೇಲಿಯಲ್ಲಿದೆ. ಆ ಬೇಲಿಯನ್ನು ಕಾಣದವನು ‘ಅದು ಅವರ ರಕ್ತದಲ್ಲೇ ಇದೆ’ ಎಂದುಬಿಡುತ್ತಾನೆ. ಸಮಾಜದ ತಪ್ಪು ದೇಹದ ದೋಷವಾಗಿ ದಾಖಲಾಗುತ್ತದೆ. ಮುಸ್ಲಿಮರಲ್ಲಿ ಚಿಕ್ಕಪ್ಪ, ಮಾವಂದಿರ ಮಕ್ಕಳ ನಡುವೆ ನಡೆಯುವ ಮದುವೆ, ಹಿಂದೂಗಳಲ್ಲಿ ಸೋದರಮಾವನೊಡನೆ ನಡೆಯುವ ಮದುವೆ, ಇವೆರಡರಲ್ಲೂ ಕೆಲವು ಆನುವಂಶಿಕ ರೋಗಗಳ ಸಾಧ್ಯತೆ ಹೆಚ್ಚು. ಅದನ್ನು ಮುಚ್ಚಿಡಬಾರದು, ಮನೆಮನೆಗಳಲ್ಲಿ ಮಾತನಾಡಬೇಕು. ಆದರೆ ಅದನ್ನೇ ಒಂದು ಧರ್ಮದವರನ್ನು ಹಳಿಯಲು ಬಳಸುವುದು ವಿಜ್ಞಾನವಲ್ಲ.

2020ರ ಜನವರಿಯಲ್ಲಿ ಆರಂಭವಾದ ‘ಜೀನೋಮ್ ಇಂಡಿಯಾ’ ಯೋಜನೆ ದೇಶದ ಹಲವು ಸಮುದಾಯಗಳ ಸುಮಾರು ಹತ್ತು ಸಾವಿರ ಜನರ ಪೂರ್ಣ ಜೀನೋಮ್ ಓದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ಅದರ ಮುಂಚೂಣಿಯಲ್ಲಿತ್ತು. 2025ರ ಜನವರಿಯಲ್ಲಿ ಆ ಮಾಹಿತಿಯನ್ನು ಸಂಶೋಧಕರಿಗೆ ತೆರೆಯಲಾಯಿತು. ಪಶ್ಚಿಮದ ಬಿಳಿಯರ ಮಾಹಿತಿಯನ್ನೇ ನೆಚ್ಚಿಕೊಂಡು ಕೂರದಿರಲು ಇದು ಬೇಕಾಗಿತ್ತು. ಹಾಗೆಯೇ ಮಾಹಿತಿ ಕೊಟ್ಟವರಿಗೆ ರಕ್ಷಣೆಯೂ ಬೇಕು. 2018ರಲ್ಲಿ ದೆಹಲಿ ಹೈಕೋರ್ಟ್, ಆನುವಂಶಿಕ ಕಾಯಿಲೆಯೆಂಬ ಕಾರಣಕ್ಕೆ ಆರೋಗ್ಯ ವಿಮೆ ತಪ್ಪಿಸುವುದು ತಾರತಮ್ಯವೆಂದಿತು. ಆದರೆ 2023ರ ವೈಯಕ್ತಿಕ ದತ್ತಾಂಶ ಕಾಯ್ದೆ ವಂಶವಾಹಿಯ ಮಾಹಿತಿಯನ್ನು ಸೂಕ್ಷ್ಮವೆಂದು ಪ್ರತ್ಯೇಕಿಸಲಿಲ್ಲ.

ನವುಲೆಯಲ್ಲೋ ಬೆಂಗಳೂರಿನಲ್ಲೋ ಈ ವಿದ್ಯೆ ಕಲಿಯುವ ನಮ್ಮ ಮಕ್ಕಳಿಗೆ ಹಂದಿಗೋಡು ಒಂದು ಪಾಠವಾಗಬೇಕು. ರಕ್ತ ತೆಗೆದುಕೊಳ್ಳುವ ಮೊದಲು ಅದು ಏಕೆಂದು ಆ ತಾಯಿಗೆ ಅವಳ ಮಾತಿನಲ್ಲೇ ತಿಳಿಸಬೇಕು. ಫಲಿತಾಂಶ ಬಂದ ಮೇಲೆ ಮೊದಲು ಅವಳಿಗೇ ಹೇಳಬೇಕು. ಸವೆದ ಸೊಂಟಕ್ಕೆ ಶಸ್ತ್ರಚಿಕಿತ್ಸೆ, ನಡೆಯಲಾರದವರಿಗೆ ಪಿಂಚಣಿ, ಮದುವೆಗೆ ಮುನ್ನ ಸಲಹೆ ಇವೆಲ್ಲ ಚಿಕಿತ್ಸೆಯ ಭಾಗವೇ ಎಂದು ಆ ಮಕ್ಕಳು ತಿಳಿಯಲಿ. ರೋಗಿಯ ಬದುಕನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ವೈದ್ಯವನ್ನು ನಿಖರವೆನ್ನಲು ನಮಗಂತೂ ಮನಸ್ಸು ಬಾರದು.