ಜೋಲಾನ ಪತ್ರವೂ ಪಿಕಾರನ ಅಪರಾಧವೂ

ರಾಜ್ಯಾಡಳಿತದ ಒಳಗಿನ ದೋಷವನ್ನು ಹೊರಗೆಡಹಿದ ಅಧಿಕಾರಿಯನ್ನು ಪರರಾಜ್ಯದ ಚಾರನೆಂದು ದೂಷಿಸುವುದು ನ್ಯಾಯವೇ? ಈ ಪ್ರಶ್ನೆಯನ್ನು ವಿಚಾರಿಸುವವರು ಎಮಿಲ್ ಜೋಲಾನ ಬಹಿರಂಗ ಪತ್ರವನ್ನು ಮತ್ತೊಮ್ಮೆ ಓದತಕ್ಕದ್ದು. 1898ನೆಯ ಜನವರಿ 13ರಂದು ಪ್ಯಾರಿಸಿನ ‘ಲೋರೋರ್’ ಪತ್ರಿಕೆಯಲ್ಲಿ ಪ್ರಕಟವಾದ ಈ ಪತ್ರವನ್ನು, ಜರ್ಮನಿಯ ಗೂಢಚಾರನೆಂದು 1894ರಲ್ಲಿ ಶಿಕ್ಷಿತನಾದ ಡ್ರೇಫಸನ ಪರವಾದ ವಾದವೆಂದೇ ಸಾಮಾನ್ಯವಾಗಿ ಎಣಿಸುವರು. ಅದರಲ್ಲಿ ಎರಡನೆಯ ನಾಯಕನೊಬ್ಬನುಂಟು. ಅವನೇ ಲೆಫ್ಟಿನೆಂಟ್ ಕರ್ನಲ್ ಪಿಕಾರ್.

ಫ್ರೆಂಚ್ ಸೇನೆಯ ಗುಪ್ತವಾರ್ತಾ ಶಾಖೆಯ ಮುಖ್ಯನಾಗಿದ್ದ ಪಿಕಾರನು 1896ರಲ್ಲಿ, ಡ್ರೇಫಸನದೆಂದು ಹೊರಿಸಿದ್ದ ಕಾಗದದ ಕೈಬರಹವು ಎಸ್ಟರ್‌ಹಾಜಿ ಎಂಬ ಬೇರೊಬ್ಬ ಅಧಿಕಾರಿಯದೆಂದು ಕಂಡುಕೊಂಡನು. ಮೊದಲು ಮೇಲಧಿಕಾರಿಗಳಿಗೇ ತಿಳಿಸಿದನು. ಅವರು ಅವನನ್ನು ಟ್ಯುನೀಸಿಯಕ್ಕೆ ಸಾಗಹಾಕಿದರು. ತರುವಾಯ ವಕೀಲನಾದ ಮಿತ್ರನೊಬ್ಬನಿಗೆ ವಿಷಯವನ್ನು ಅರುಹಿದ್ದೇ ಅಪರಾಧವಾಯಿತು. ಗೂಢಚಾರರನ್ನು ದಂಡಿಸಲು 1886ರಲ್ಲಿ ರಚಿತವಾದ ಶಾಸನದ ಮೇರೆಗೆ 1898ರ ಜುಲೈ ತಿಂಗಳಲ್ಲಿ ಅವನು ಸೆರೆಯಾದನು. ಜರ್ಮನಿಗೆ ನಿಜವಾಗಿಯೂ ರಹಸ್ಯಗಳನ್ನು ಮಾರಿದ್ದ ಎಸ್ಟರ್‌ಹಾಜಿಯಾದರೋ ಅದೇ ವರ್ಷದ ಜನವರಿ 11ರಂದು ಸೇನಾ ನ್ಯಾಯಾಲಯದಿಂದ ನಿರ್ದೋಷಿಯೆನಿಸಿ ಹೊರಬಂದಿದ್ದನು.

ಹಾಗಾದರೆ ಚಾರನೆಂದರೆ ಯಾರು? ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಮೈಸೂರಿನಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಉಭಯವೇತನ’ ಎಂಬ ಪಾರಿಭಾಷಿಕ ಪದವಿದೆ. ಎರಡು ಕಡೆಯಿಂದಲೂ ಸಂಬಳ ಪಡೆಯುವವನೆಂದು ಅದರ ಅರ್ಥ. ಗುಟ್ಟು ಬಯಲಾದ ಮಾತ್ರಕ್ಕೆ ಈ ಲಕ್ಷಣವು ಸಿದ್ಧಿಸದು. ಮರೆಯಲ್ಲಿ ಮತ್ತೊಬ್ಬ ಒಡೆಯನಿರಬೇಕು. ಪಿಕಾರನಿಗೆ ಅಂತಹ ಒಡೆಯನಿರಲಿಲ್ಲ.

ಜೋಲಾನ ಪತ್ರವು ದೋಷರಹಿತವೆನ್ನಲಾಗದು. ಪಾಪದ ಬಹುಭಾಗವನ್ನು ಅವನು ದ್ಯು ಪಾತಿ ದ ಕ್ಲಾಮನ ತಲೆಗೆ ಕಟ್ಟಿದ್ದಾನೆ. ಡ್ರೇಫಸನ ವಿರುದ್ಧ ಖೋಟಾ ಪತ್ರವನ್ನು ಕಲ್ಪಿಸಿದ ಆನ್ರಿಯ ಹೆಸರು ಕೊನೆಯ ಆರೋಪಗಳ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಅವನು ತಪ್ಪೊಪ್ಪಿಕೊಂಡದ್ದು ಆ ವರ್ಷದ ಆಗಸ್ಟಿನಲ್ಲಿ. ಆದರೂ ಜೋಲಾ ತನ್ನನ್ನು ಬಹಿರಂಗವಾಗಿ ವಿಚಾರಣೆಗೆ ಗುರಿಪಡಿಸಬೇಕೆಂದು ತಾನೇ ಕೇಳಿಕೊಂಡನು. ಸೇನಾಧಿಕಾರಿಗಳಾದರೋ 1894ರಲ್ಲಿ ಡ್ರೇಫಸನ ಪಕ್ಷದವರಿಗೆ ತೋರಿಸದ ಕಾಗದಗಳನ್ನು ನ್ಯಾಯಾಧೀಶರ ಕೈಗೆ ಗುಟ್ಟಾಗಿ ಒಪ್ಪಿಸಿದ್ದರು. ಪತ್ರದ ನಿಜವಾದ ಬೆಲೆಯು ಈ ಭೇದದಲ್ಲಿದೆ.

ಗುಟ್ಟನ್ನು ಹೊರಗೆಡಹಿದವರೆಲ್ಲರೂ ಶುದ್ಧರೆಂದು ವಾದಿಸಬೇಕಾಗಿಲ್ಲ. ಪರರಾಜ್ಯದ ಒಡೆಯನನ್ನು ತೋರಿಸದೆ, ಪ್ರಮಾಣಗಳನ್ನು ಆರೋಪಿಗೆ ಮರೆಮಾಡಿ ಹೊರಿಸುವ ಚಾರತ್ವವು ಕೇವಲ ದೂಷಣೆಯೆಂದು ಹೇಳಿದರೆ ಸಾಕು. 1906ರಲ್ಲಿ ಡ್ರೇಫಸನು ನಿರ್ದೋಷಿಯೆಂದು ತೀರ್ಪಾಯಿತು; ಅದೇ ವರ್ಷ ಪಿಕಾರನು ಫ್ರಾನ್ಸಿನ ಯುದ್ಧಮಂತ್ರಿಯಾದನು.