ಸ್ತರಭಂಗಗಳ ಕಾಲನಿರ್ಣಯ: ಜೇಡಿಖನಿಜಗಳ ಸಾಕ್ಷ್ಯವನ್ನು ಕುರಿತು ಒಂದು ವಿಮರ್ಶೆ

ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿರುವ ಅಶೋಕನ ಶಾಸನಗಳು 1931ರಲ್ಲಿ ಬೆಳಕಿಗೆ ಬಂದವು. ಆ ಅಕ್ಷರಗಳಿಗೆ ಸುಮಾರು 2250 ವರ್ಷಗಳಾಗಿವೆ. ಅವನ್ನು ಹೊತ್ತ ಬಂಡೆಗೆ ಸುಮಾರು 250 ಕೋಟಿ ವರ್ಷಗಳು. ಬಂಡೆಯ ವಯಸ್ಸೇ ಬರಹದ ವಯಸ್ಸೆಂದು ವಾದಿಸುವ ವಿದ್ಯಾರ್ಥಿಯನ್ನು ನಾವು ಈವರೆಗೆ ಕಂಡಿಲ್ಲ. ಆದರೆ ನೆಲದ ಪೂರ್ವಚರಿತ್ರೆಯನ್ನು ಹೇಳುವಾಗ ಇದೇ ಬಗೆಯ ಗೊಂದಲ ಸುಲಭವಾಗಿ ನುಸುಳುತ್ತದೆ. ‘ಈ ಸ್ತರಭಂಗದ ವಯಸ್ಸು ಇಷ್ಟು ಕೋಟಿ ವರ್ಷ’ ಎಂಬ ವಾಕ್ಯವನ್ನು ಓದಿದಾಗ, ಯಾವುದರ ವಯಸ್ಸು ಎಂದು ಕೇಳುವವರು ವಿರಳ. ಭೂವಿಜ್ಞಾನಿಗಳಲ್ಲದ ನಾವು ಇಲ್ಲಿ ಮಾತನಾಡಲು ಧೈರ್ಯ ಮಾಡಿರುವುದಕ್ಕೆ ಕಾರಣವಿಷ್ಟೆ: ಸಾಕ್ಷ್ಯದ ಪರೀಕ್ಷೆ ನಮ್ಮ ಕಸುಬೂ ಹೌದು.

ನೆಲದೊಳಗಣ ಶಿಲೆ ಬಿರಿದು, ಬಿರುಕಿನ ಎರಡು ಪಕ್ಕಗಳು ಒಂದಕ್ಕೊಂದು ಉಜ್ಜಿಕೊಂಡು ಜರುಗಿದ್ದರೆ ಅದು ಸ್ತರಭಂಗ. ಆ ಉಜ್ಜಾಟದಲ್ಲಿ ಶಿಲೆಯು ಬೀಸುಕಲ್ಲಿಗೆ ಸಿಕ್ಕ ಜೋಳದಂತೆ ಹಿಟ್ಟಾಗುತ್ತದೆ. ಆ ಹಿಟ್ಟಿನಲ್ಲಿ ಬಿಸಿನೀರು ಹರಿದು ಹೊಸ ಜೇಡಿಖನಿಜಗಳು ಬೆಳೆಯುತ್ತವೆ. ಇವುಗಳಲ್ಲಿ ಇಲ್ಲೈಟ್ ಎಂಬುದು ಪೊಟ್ಯಾಸಿಯಂ ಉಳ್ಳದ್ದು. ಪೊಟ್ಯಾಸಿಯಂ-40 ವಿಕಿರಣಶೀಲವಾದುದು, ಅದರ ಅರ್ಧಾಯು 125 ಕೋಟಿ ವರ್ಷ. ಕ್ಷಯಿಸಿದ ಪರಮಾಣುಗಳಲ್ಲಿ ಸುಮಾರು ಹತ್ತನೆಯ ಒಂದು ಪಾಲು ಆರ್ಗಾನ್ ಅನಿಲವಾಗಿ ಹರಳಿನೊಳಗೇ ಸೆರೆಯಾಗುವುದರಿಂದ, ಎರಡನ್ನೂ ಅಳೆದು ಹರಳು ಹುಟ್ಟಿದ ಕಾಲವನ್ನು ಗಣಿಸಬಹುದು. ಎಲ್ಲ ಜೇಡಿಯೂ ಇದಕ್ಕೆ ಒದಗದು. ಬೇವೂರನ್ನೊಳಗೊಂಡ ಯಲಬುರ್ಗಾ ಸೀಮೆಯ ಎರೆಹೊಲಗಳ ಮಣ್ಣು ಜೇಡಿಯೇ ಆದರೂ ಅದರಲ್ಲಿ ಪ್ರಧಾನವಾದ ಸ್ಮೆಕ್ಟೈಟಿನಲ್ಲಿ ಪೊಟ್ಯಾಸಿಯಂ ಅತ್ಯಲ್ಪ. ಅಲ್ಲದೆ ಅದು ಬಿಸಿಲುಮಳೆಗಳಿಗೆ ಶಿಲೆ ಕರಗಿ ಆದ ಮಣ್ಣೇ ಹೊರತು ಉಜ್ಜಾಟದಿಂದಾದುದಲ್ಲ.

1971ರಲ್ಲಿ ಲಯನ್ಸ್ ಮತ್ತು ಸ್ನೆಲ್ಲೆನ್‌ಬರ್ಗ್ ಎಂಬವರು ಸ್ತರಭಂಗದ ಹಿಟ್ಟನ್ನು ಈ ರೀತಿ ಅಳೆಯಲು ತೊಡಗಿದರು. ಆದರೆ ಹಿಟ್ಟಿನಲ್ಲಿ ಹೊಸ ಇಲ್ಲೈಟಿನ ಜೊತೆಗೆ ಮೂಲಶಿಲೆಯಿಂದ ಬಂದ ಹಳೆಯ ಅಭ್ರಕವೂ ಬೆರೆತಿರುತ್ತದೆ. ಒಂದು 250 ಕೋಟಿ, ಇನ್ನೊಂದು 50 ಕೋಟಿ ವರ್ಷದ್ದೆಂದು ಇಟ್ಟುಕೊಂಡರೆ, ಒಟ್ಟು ಹಿಟ್ಟು ಕೊಡುವ ಸಂಖ್ಯೆ ಇವೆರಡರ ನಡುವೆ ಎಲ್ಲಿಯೋ ನಿಲ್ಲುವುದು. ಆ ಕಾಲದಲ್ಲಿ ನಡೆದದ್ದು ಏನೂ ಇಲ್ಲ. ಎರಡು ಕೈಗಳ ಬರಹವುಳ್ಳ ಕಡತಕ್ಕೆ ಸರಾಸರಿ ತೇದಿ ಹಾಕಿದಂತೆ ಇದು.

ಈ ತೊಡಕಿಗೆ 2001ರಲ್ಲಿ ವಾನ್ ಡರ್ ಪ್ಲೂಯಿಮ್ ಮತ್ತು ಸಂಗಡಿಗರು ಕೆನಡಾದ ರಾಕಿ ಪರ್ವತಗಳಲ್ಲಿ ತೋರಿಸಿದ ಪರಿಹಾರವನ್ನು ನಾವು ಮನಸಾರೆ ಮೆಚ್ಚುತ್ತೇವೆ. ಹಿಟ್ಟನ್ನು ಕಣಗಾತ್ರದಂತೆ ಬೇರ್ಪಡಿಸಿ, ಹಳೆಯ ಅಭ್ರಕಕ್ಕೂ ಹೊಸ ಇಲ್ಲೈಟಿಗೂ ಪದರಗಳ ಜೋಡಣೆಯಲ್ಲಿರುವ ಭೇದವನ್ನು ಕ್ಷ-ಕಿರಣದಿಂದ ಗುರುತಿಸಿ, ಪ್ರತಿ ಪಾಲಿನಲ್ಲಿಯೂ ಹಳೆಯದೆಷ್ಟೆಂದು ಲೆಕ್ಕ ಹಾಕಿದರು. ಕಣ ನುಣುಪಾದಷ್ಟೂ ಹಳೆಯದರ ಪಾಲು ಕಡಿಮೆ. ಆ ಪಾಲು ಸೊನ್ನೆಯಾಗುವೆಡೆಗೆ ರೇಖೆಯನ್ನೆಳೆದಾಗ ಲೂಯಿಸ್ ಸ್ತರಭಂಗಕ್ಕೆ ಸುಮಾರು 5 ಕೋಟಿ 15 ಲಕ್ಷ ವರ್ಷ ದೊರೆಯಿತು. ಆರ್ಗಾನ್-ಆರ್ಗಾನ್ ವಿಧಾನದಲ್ಲಿ ಪರಮಾಣು ಸ್ಥಾವರದೊಳಗಿಟ್ಟಾಗ ನುಣುಪು ಕಣದಿಂದ ಆರ್ಗಾನ್ ಸಿಡಿದು ಹೊರಬೀಳುವುದುಂಟಾದ್ದರಿಂದ, ಮಾದರಿಯನ್ನು ಸಣ್ಣ ಕ್ವಾರ್ಟ್ಸ್ ಕೊಳವೆಯಲ್ಲಿ ಮುಚ್ಚಿಡುವ ಜಾಗರೂಕತೆಯೂ ಬೇಕು. ಒಳಸಾಕ್ಷ್ಯವನ್ನು ವಿಂಗಡಿಸುವ ಈ ಶಿಸ್ತು ಯಾವ ಪಠ್ಯಸಂಪಾದಕನೂ ಒಪ್ಪುವಂಥದು.

ಆದರೆ ಆ ರೇಖೆಯನ್ನು ಬೇವೂರಿನ ಕಡೆಗೆ ಹಾಗೆಯೇ ಎಳೆದು ತರಲಾಗದು. ಕೆನಡಾದ್ದು ಜೇಡಿಗಲ್ಲಿನ ನಾಡು. ನಮ್ಮದು ನೈಸ್ ಮತ್ತು ಕಣಶಿಲೆಗಳ ನಾಡು. ಇಲ್ಲಿ ನುಗ್ಗಾಗುವುದು ಅಭ್ರಕವೊಂದೇ ಅಲ್ಲ, ಪೊಟ್ಯಾಸಿಯಂ ತುಂಬಿದ ಫೆಲ್ಡ್‌ಸ್ಪಾರ್ ಕೂಡ. ಅದರ ಚೂರು ಉಳಿದರೂ ವಯಸ್ಸು ಹಿಂದಕ್ಕೆ ಜಗ್ಗುವುದು. ಹೆಚ್ಚು ಶಾಖದಲ್ಲಿ ಬೆಳೆದ ಹೊಸ ಇಲ್ಲೈಟು ಹಳೆಯ ಅಭ್ರಕದ ಜೋಡಣೆಯನ್ನೇ ತಾಳಬಲ್ಲುದೆಂಬುದು ಇನ್ನೊಂದು ತೊಡಕು. ಆಗ ಹೊಸದು ಹಳೆಯದೆಂದು ಎಣಿಕೆಯಾಗುತ್ತದೆ.

ಉತ್ತರಕ್ಕಿರುವ ಕಲಾದಗಿ ಶಿಲೆಗಳಲ್ಲಿ, 1876ರಲ್ಲಿ ಬ್ರೂಸ್ ಫೂಟರು ವರ್ಣಿಸಿದ ಆ ಪ್ರದೇಶದಲ್ಲಿ, ಕಾಲಕ್ರಮಕ್ಕೆ ಬೇರೆ ಆಧಾರವುಂಟು. ಮಡಿಕೆಗೊಂಡ ಬಾಗಲಕೋಟೆ ಸ್ತರಗಳ ಮೇಲೆ ಬಾದಾಮಿಯ ಮರಳುಗಲ್ಲು ಬಹುಮಟ್ಟಿಗೆ ಸಮತಲವಾಗಿ ಕುಳಿತಿದೆ. ಕೆಳಗಿನದನ್ನು ಸೀಳಿ ಮೇಲಿನದನ್ನು ಮುಟ್ಟದ ಸ್ತರಭಂಗ ಬಾದಾಮಿ ಕಲ್ಲಿಗಿಂತ ಹಳೆಯದೆಂಬುದಕ್ಕೆ ಪ್ರಯೋಗಶಾಲೆ ಬೇಡ. ಬಾಗಲಕೋಟೆ ಸ್ತರಗಳೊಳಕ್ಕೆ ನುಗ್ಗಿದ ಮಲ್ಲಾಪುರದ ಶಿಲೆಗೆ 2018ರಲ್ಲಿ ಆರ್ಗಾನ್ ವಿಧಾನದಿಂದ 115 ಕೋಟಿ 40 ಲಕ್ಷ ವರ್ಷವೆಂದು ಪ್ರಕಟವಾಯಿತು. ಇದು ಬೆಲೆಯುಳ್ಳ ಅಂಕೆ. ಆದರೆ ಅದು ಆ ಶಿಲೆ ತಣಿದ ಕಾಲ, ಯಾವ ಸ್ತರಭಂಗದ ಕಾಲವೂ ಅಲ್ಲ.

ನಮ್ಮ ಮುಖ್ಯ ಆಕ್ಷೇಪಣೆ ಇನ್ನೊಂದಿದೆ. ಇಲ್ಲೈಟು ಬೆಳೆಯಲು ಶಾಖ ಬೇಕು, ಸಾಮಾನ್ಯವಾಗಿ ಆಳವೂ ಬೇಕು. ಮೇಲಿನ ನೆಲ ಸವೆದು ಸ್ತರಭಂಗ ತಣ್ಣಗಾದ ಮೇಲೆ ಅದು ಮತ್ತೆ ಜರುಗಿದರೆ ಇಲ್ಲೈಟು ಸಾಕ್ಷಿ ನುಡಿಯದೆ ಹೋಗಬಹುದು. ಹಳೆಯ ಅಂಕೆಯನ್ನು ಹಿಡಿದು ‘ಇದು ಸತ್ತ ಸ್ತರಭಂಗ’ ಎಂದರೆ ಅದು ಸಾಕ್ಷಿಯ ಮೌನವನ್ನೇ ಸಾಕ್ಷ್ಯ ಮಾಡಿದಂತೆ. ಸ್ಥಿರಭೂಮಿಯೆಂದು ನಂಬಿದ್ದ ದಖ್ಖನಿನಲ್ಲಿ, ಬೇವೂರಿಗೆ ಮುನ್ನೂರು ಕಿಲೋಮೀಟರಿನೊಳಗಿರುವ ಕಿಲ್ಲಾರಿಯಲ್ಲಿ, 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಸಾವಿರಾರು ಜನ ಕಲ್ಲುಮಣ್ಣಿನ ಗೋಡೆಗಳಡಿ ಸತ್ತರು. ಅಂಥ ಗೋಡೆಯ ಮಾಳಿಗೆಮನೆಗಳು ನಮ್ಮ ಸೀಮೆಗೂ ಹೊಸವಲ್ಲ.

ಕೇರಳದ ದೇಶಮಂಗಲದಲ್ಲಿ ಸ್ತರಭಂಗದ ಹಿಟ್ಟಿನ ಕ್ವಾರ್ಟ್ಸ್ ಕಣಗಳನ್ನು ಎಲೆಕ್ಟ್ರಾನ್ ಸ್ಪಿನ್ ಅನುರಣನದಿಂದ ಪರೀಕ್ಷಿಸಿ, ಸುಮಾರು 4 ಲಕ್ಷ 30 ಸಾವಿರ ವರ್ಷಗಳ ಹಿಂದೆ ಚಲನೆಯಾಗಿತ್ತೆಂದು 2002ರಲ್ಲಿ ವಿದ್ವಾಂಸರು ತೋರಿಸಿದರು. ಕೋಟಿಗಳ ಎಣಿಕೆಯಲ್ಲಿ ಇದು ನಿನ್ನೆಯ ಮಾತು. ಯಲಬುರ್ಗಾದ ಯಾವ ಸ್ತರಭಂಗದಿಂದಲಾದರೂ ಹಿಟ್ಟು ತೆಗೆದರೆ, ಅದೇ ಹಿಡಿಯ ಇಲ್ಲೈಟನ್ನೂ ಕ್ವಾರ್ಟ್ಸನ್ನೂ ಬೇರೆ ಬೇರೆ ಪ್ರಶ್ನೆ ಕೇಳಿ, ಎರಡು ಉತ್ತರಗಳನ್ನೂ ಪಕ್ಕಪಕ್ಕದಲ್ಲಿ ಅಚ್ಚು ಹಾಕುವುದು ಯುಕ್ತ.

ಇನ್ನು ಇತಿಹಾಸ ವಿಭಾಗದ ಪಾಲಿನ ಕೆಲಸ. 1843ರ ಏಪ್ರಿಲ್ 1ರಂದು ಬಳ್ಳಾರಿಯಲ್ಲಿ ಭೂಕಂಪವಾದುದು ಭೂಕಂಪಗಳ ಪಟ್ಟಿಗಳಲ್ಲಿ ದಾಖಲಾಗಿದೆ. ಬಳ್ಳಾರಿ ಅಂದು ಮದರಾಸು ಆಧಿಪತ್ಯಕ್ಕೆ ಸೇರಿತ್ತು; ಕೊಪ್ಪಳ ನಿಜಾಮರ ರಾಜ್ಯದಲ್ಲಿತ್ತು. ತುಂಗಭದ್ರೆಯ ಉತ್ತರದಂಡೆಯಲ್ಲಿ ಅಂದು ಯಾವ ಊರ ಗೋಡೆ ಬಿರಿಯಿತೆಂಬುದನ್ನು ಯಾವ ಜೇಡಿಯೂ ಹೇಳದು. ಅದನ್ನು ಚೆನ್ನೈ ಮತ್ತು ಹೈದರಾಬಾದುಗಳ ದಫ್ತರಗಳಲ್ಲಿ ಹುಡುಕಬೇಕು.